ಗಾಂಜಾ ಸೇದುವವರು ಮುಂದೆ ಹೆರಾಯಿನ್‌ಗೆ ಹೋಗ್ತಾರಾ?

ಹೆಚ್ಚಿನವರು ಹೋಗುವುದಿಲ್ಲ. ಹೆರಾಯಿನ್ ಚಟ ಹತ್ತಿದವರಲ್ಲಿ ಬಹಳ ಮಂದಿ ಮೊದಲು ಗಾಂಜಾ ಸೇದಿರುತ್ತಾರೆ, ನಿಜ. ಆದರೆ ಅದಕ್ಕೂ ಮೊದಲು ಸಿಗರೇಟು, ಬಿಯರ್ ಮುಟ್ಟಿರುತ್ತಾರೆ. ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯಲ್ಲ, ಅಲ್ವಾ? 1975ರಲ್ಲಿ ಅಮೆರಿಕದ ಸಂಶೋಧಕಿ ಡೆನೀಸ್ ಕ್ಯಾಂಡೆಲ್ ತೋರಿಸಿದ್ದೂ ಒಂದಾದ ಮೇಲೊಂದು ಬರುವ ಈ ಸರದಿಯನ್ನೇ. ಒಂದರ ಹಿಂದೆ ಇನ್ನೊಂದು ಬಂತು ಅಂದ ಮಾತ್ರಕ್ಕೆ ಮೊದಲನೆಯದೇ ಕಾರಣ ಅಂತ ಆಗುವುದಿಲ್ಲ.

ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಮಾರುವವನು. ಒಂದೇ ಜೇಬಿನಲ್ಲಿ ಗಾಂಜಾ ಪೊಟ್ಟಣವೂ ಹೆರಾಯಿನ್ ಪುಡಿಯೂ ಇದ್ದರೆ, ಗಾಂಜಾ ಖಾಲಿಯಾದ ದಿನ ಅವನು ‘ಇದನ್ನ ನೋಡು’ ಅನ್ನುತ್ತಾನೆ. ನೆದರ್‌ಲ್ಯಾಂಡ್ಸ್ 1976ರಲ್ಲಿ ಕಾನೂನು ತಿದ್ದಿ ಎರಡನ್ನೂ ಬೇರೆ ಮಾಡಿದ್ದು ಇದಕ್ಕೇ. ಅಲ್ಲಿ ‘ಕಾಫಿ ಶಾಪ್’ ಅಂತ ಕರೆಯುವ ಗಾಂಜಾ ಅಂಗಡಿಗಳಲ್ಲಿ ಒಬ್ಬರಿಗೆ 5 ಗ್ರಾಂ ತನಕ ಗಾಂಜಾ ಕೊಡಬಹುದು, ಹೆರಾಯಿನ್ ಇಡುವಂತಿಲ್ಲ. ಹಾಗಂತ ಗಾಂಜಾ ಸುಮ್ನೆ ಅಲ್ಲ: ಹದಿಹರೆಯದಲ್ಲೇ ದಿನಾ ಸೇದುವವರಿಗೆ ಚಟ, ಮನೋರೋಗದ ಅಪಾಯ ಜಾಸ್ತಿ.