ಅರುಬಾಕ್ಕೆ ಹೋದವರು ಅರಿಕೋಕ್ ಪಾರ್ಕ್ ನೋಡಲೇಬೇಕಾ?

ಅರುಬಾದಲ್ಲಿ ನಾಲ್ಕೇ ದಿನ ಇರೋದು, ಬೀಚ್ ಬಿಟ್ಟು ಅರಿಕೋಕ್ ನ್ಯಾಷನಲ್ ಪಾರ್ಕ್‌ಗೆ ಒಂದು ದಿನ ಕೊಡಬಹುದಾ ಅಂತ ಕೇಳಿದ್ದೀರಿ. ಕೊಡಿ. ಇಡೀ ದಿನ ಬೇಡ, ಬೆಳಗ್ಗೆ ಎಂಟಕ್ಕೆ ಗೇಟಿನ ಹತ್ತಿರ ಇದ್ದರೆ ಅರ್ಧ ದಿನ ಸಾಕು.

ಕೆರಿಬಿಯನ್ ದ್ವೀಪ ಅಂದಮೇಲೆ ಹಸಿರು, ಜಲಪಾತ ಇರುತ್ತದೆ ಅಂದುಕೊಂಡೇ ನಾನೂ ಹೋಗಿದ್ದೆ. ಅರುಬಾ ಇರುವುದು ಹೆಚ್ಚುಕಡಿಮೆ ನಮ್ಮ ಮಂಡ್ಯದ ಅಕ್ಷಾಂಶದಲ್ಲೇ. ಆದರೆ ಮೋಡ ತಡೆದು ಮಳೆ ಸುರಿಸುವಂಥ ಬೆಟ್ಟ ಅಲ್ಲಿಲ್ಲ. ದ್ವೀಪಕ್ಕೆಲ್ಲ ಎತ್ತರದ ಗುಡ್ಡ ಜಮನೋಟಾ, ಈ ಪಾರ್ಕಿನೊಳಗೇ ಇದೆ, ಬರೀ 188 ಮೀಟರ್! ಹಾಗಾಗಿ ಎಲ್ಲಿ ನೋಡಿದರೂ ಬಂಡೆ, ಒಣಮಣ್ಣು, ಆಳೆತ್ತರ ಮೀರಿದ ಕಳ್ಳಿ. ಪಾಪಾಸುಕಳ್ಳಿ ಕಂಡಾಗ ನಮ್ಮೂರಿನ ಹೊಲದ ಬೇಲಿ ನೆನಪಾಯಿತು, ಆದರೆ ಅದರ ತವರು ಅಮೆರಿಕದ ಕಡೆಯೇ ಅಲ್ವಾ, ನಮ್ಮ ಹೊಲಕ್ಕೇ ಅದು ವಲಸೆ ಬಂದದ್ದು.

ಮುಖ್ಯವಾದ ಮಾತು ಗಾಳಿಯದು. ಸಮುದ್ರದ ಕಡೆಯಿಂದ ಬಿಡದೆ ಬೀಸುವ ಆ ಗಾಳಿಗೆ ಬೆವರು ಬಂದ ಹಾಗೇ ಒಣಗುತ್ತದೆ, ಅದಕ್ಕೇ ಬಿಸಿಲು ಎಷ್ಟಿದೆ ಅಂತ ಗೊತ್ತೇ ಆಗುವುದಿಲ್ಲ. ಟೋಪಿ ಹಾರಿಹೋಗುತ್ತದೆ ಅಂತ ನಾನು ಅದನ್ನು ಕಾರಲ್ಲೇ ಬಿಟ್ಟು ಮೂರು ಗಂಟೆ ಸುತ್ತಿದೆ, ರಾತ್ರಿ ಕತ್ತು ಉರಿದು ಲೋಳೆಸರ ಹಚ್ಚಿಕೊಂಡು ಮಲಗಿದೆ. (ಅರುಬಾದಲ್ಲಿ ಲೋಳೆಸರಕ್ಕೇನೂ ಬರವಿಲ್ಲ.) ದಾರ ಕಟ್ಟಿದ ಟೋಪಿ ತನ್ನಿ. ನೀರು ಜಾಸ್ತಿ ಇಟ್ಟುಕೊಳ್ಳಿ.

ಎಲ್ಲರೂ ಓಡುವುದು ಕೊಂಚಿ ಅನ್ನುವ ಬಂಡೆಗಳ ನಡುವಿನ ಕೊಳಕ್ಕೆ. ಆ ದಾರಿಗೆ ಫೋರ್ ವೀಲ್ ಡ್ರೈವ್ ಬೇಕು, ಇಲ್ಲವೇ ನಡೆಯಬೇಕು. ನನ್ನ ಕೇಳಿದರೆ ಮೊದಲು ಗುಹೆಗಳಿಗೆ ಹೋಗಿ. ಫೊಂಟೇನ್ ಗುಹೆಯ ಚಾವಣಿಯ ಮೇಲೆ ಅಲ್ಲಿನ ಮೂಲನಿವಾಸಿ ಕಕೆಟಿಯೊ ಜನ ಬರೆದ ಕೆಂಗಂದು ಚಿತ್ರಗಳಿವೆ. ಕ್ವಾದಿರಿಕಿರಿಯಲ್ಲಿ ಚಾವಣಿಯ ತೂತುಗಳಿಂದ ಬಿಸಿಲು ಕಂಬದ ಹಾಗೆ ಇಳಿಯುತ್ತದೆ, ಅದನ್ನು ನೋಡುತ್ತಾ ಸುಮ್ನೆ ನಿಂತುಬಿಟ್ಟೆ, ಫೋಟೋ ತೆಗೆಯುವುದೂ ಮರೆತೆ. ಬೋಕಾ ಪ್ರಿನ್ಸ್ ಅನ್ನುವ ಕಡಲತೀರದ ಹತ್ತಿರ ಮರಳುದಿಬ್ಬಗಳಿವೆ, ಚೆಂದ ಇವೆ, ಆದರೆ ಅಲ್ಲಿ ನೀರಿಗೆ ಮಾತ್ರ ಇಳಿಯಬೇಡಿ, ಸೆಳೆತ ಜೋರು.

ಮಕ್ಕಳಿದ್ದರೆ ಶೋಕೊ ಹುಡುಕಲು ಹೇಳಿ. ನೆಲದ ಬಿಲದಲ್ಲಿ ಬದುಕುವ ಪುಟ್ಟ ಗೂಬೆ ಅದು. ನಮಗೆ ಕಾಣಲಿಲ್ಲ, ಮೇಕೆಗಳು ಮಾತ್ರ ಬೇಕಾದಷ್ಟು ಸಿಕ್ಕವು. ಬುಡುಬುಡಿಕೆ ಬಾಲದ ವಿಷದ ಹಾವೂ ಇದೆ, ಈ ದ್ವೀಪ ಬಿಟ್ಟು ಬೇರೆಲ್ಲೂ ಇಲ್ಲದ ಜಾತಿ, ಕಾಣುವುದು ಅಪರೂಪ. ಆದರೂ ದಾರಿ ಬಿಟ್ಟು ಪೊದೆಗೆ ಕಾಲಿಡಬೇಡಿ.

ಅಂದಹಾಗೆ ಪಾರ್ಕಿಗೆ ಅಂತ ಯುಟಿವಿ (ಕಚ್ಚಾ ದಾರಿಯಲ್ಲಿ ಓಡಿಸುವ ಪುಟ್ಟ ತೆರೆದ ಗಾಡಿ) ಬಾಡಿಗೆಗೆ ತೆಗೆದುಕೊಳ್ಳಬೇಡಿ, ಒಳಗೆ ಬಿಡುವುದಿಲ್ಲ.