1980ರ ದಶಕದಲ್ಲಿ ನ್ಯೂಜಿಲೆಂಡಿನಂಥ ಪುಟ್ಟ ದೇಶಕ್ಕೆ ವಿಡಿಯೊ ಗೇಮ್‌ಗಳು ಹೇಗೆ ತಲುಪುತ್ತಿದ್ದವು?

ಎಲ್ಲವೂ ಜಪಾನಿನಿಂದ ಸಿದ್ಧವಾಗಿ ಹಡಗಿನಲ್ಲಿ ಬಂದಿಳಿದವು ಅಂದುಕೊಳ್ಳಬೇಡಿ. 1938ರಿಂದ ಅಲ್ಲಿ ಆಮದಿಗೆ ಪರವಾನಗಿ ಬೇಕಿತ್ತು. 1980ರ ದಶಕದಲ್ಲಿ ಅದು ಸಡಿಲವಾಗುವವರೆಗೂ ತಯಾರಾದ ಯಂತ್ರ ತರಿಸುವುದು ದುಬಾರಿ, ತಾಪತ್ರಯದ ಕೆಲಸ. ಹಾಗಾಗಿ 1978ರ ಸ್ಪೇಸ್ ಇನ್ವೇಡರ್ಸ್ ಎಂಬ ಗೇಮ್ ಹುಚ್ಚು ಹಿಡಿಸಿದ ಮೇಲೆ ನಾಣ್ಯ ಹಾಕಿ ಆಡುವ ಗೇಮ್ ಪೆಟ್ಟಿಗೆಗಳನ್ನು ಸ್ಥಳೀಯರೇ ತಯಾರಿಸತೊಡಗಿದರು. ಕೆಲವರು ಸರ್ಕ್ಯೂಟ್ ಬೋರ್ಡನ್ನಷ್ಟೇ ತರಿಸಿ, ಮರದ ಕ್ಯಾಬಿನೆಟ್, ನಾಣ್ಯ ಹಾಕುವ ಕಿಂಡಿ ಎಲ್ಲ ಅಲ್ಲೇ ಕೂಡಿಸಿದರು. ಬೋರ್ಡನ್ನೇ ನಕಲು ಮಾಡಿದವರೂ ಇದ್ದರು!

ಜನಸಂಖ್ಯೆಯೋ ಸುಮಾರು 32 ಲಕ್ಷ. ದೊಡ್ಡ ಗೇಮ್ ಪಾರ್ಲರ್ ನಗರಗಳಲ್ಲಿ ನಡೆಯಬಹುದು, ಸಣ್ಣ ಊರಲ್ಲಿ ಕಷ್ಟ. ಅಲ್ಲಿ ಮೀನು-ಚಿಪ್ಸ್ ಅಂಗಡಿಯ ಮೂಲೆಯಲ್ಲೋ, ಹಾಲು-ಬ್ರೆಡ್ ಮಾರುವ 'ಡೇರಿ'ಯಲ್ಲೋ ಒಂದೆರಡು ಯಂತ್ರ. ಪಾರ್ಸೆಲ್‌ಗೆ ಕಾಯುವ ಹುಡುಗರೇ ಗಿರಾಕಿಗಳು. ಇವನ್ನು ಅವರು 'ಸ್ಪೇಸೀಸ್' ಅಂತಲೇ ಕರೆಯುತ್ತಿದ್ದರು.

ಮನೆಯ ಗೇಮ್‌ಗಳ ಕಥೆ ಬೇರೆ. ಅಲ್ಲಿ ಪಾರುಪತ್ಯ ಕೆಲವೇ ವಿತರಕರದು. ಗ್ರ್ಯಾಂಡ್‌ಸ್ಟ್ಯಾಂಡ್ ಕಂಪನಿ ಜಪಾನಿನ ಸೆಗಾ ಕಂಪನಿಯ ಎಸ್‌ಸಿ-3000 ತಂದು ಮಾರಿತು. ಕೀಬೋರ್ಡ್ ಇದ್ದ ಕಂಪ್ಯೂಟರ್ ಅದು, ಗೇಮ್ ಇರುವ ಚಿಕ್ಕ ಡಬ್ಬಿ, ಅಂದರೆ ಕಾರ್ಟ್ರಿಜ್ ಕೂಡ ಹಾಕಬಹುದಿತ್ತು. ಪ್ರೋಗ್ರಾಮಿಂಗ್‌ಗೆ 'ಬೇಸಿಕ್' ಎಂಬ ಕಂಪ್ಯೂಟರ್ ಭಾಷೆಯ ಕಾರ್ಟ್ರಿಜ್ ಬೇರೆ. ಬೇರೆ ಕಡೆ ಅಷ್ಟೇನೂ ಹೆಸರು ಮಾಡದ ಈ ಯಂತ್ರ ಅಲ್ಲಿ ಮನೆಮಾತಾಯಿತು. ನನ್ನ ಪ್ರಕಾರ ಸಣ್ಣ ಮಾರುಕಟ್ಟೆಯ ಗುಟ್ಟೇ ಇದು: ವಿತರಕ ಯಾವುದನ್ನು ಆರಿಸಿದನೋ ದೇಶ ಅದನ್ನೇ ಆಡಿತು. ಅಮೆರಿಕದಿಂದ ನೀವೇ ತಂದುಕೊಳ್ಳೋಣವೆಂದರೆ ನ್ಯೂಜಿಲೆಂಡಿನ ಟಿವಿ ಪಾಲ್ ಎಂಬ ಪ್ರಸಾರ ಪದ್ಧತಿಯದು, ಅಮೆರಿಕದ ಪದ್ಧತಿ ಬೇರೆ, ಆ ಯಂತ್ರದ ಚಿತ್ರ ಸರಿಯಾಗಿ ಮೂಡುತ್ತಿರಲಿಲ್ಲ.