ಪೊರೆ ತೆಗೆಸಿದರೆ ಗ್ಲಾಕೋಮಾ ಹೋಗುತ್ತದೆಯೇ?

ಪ್ರಶ್ನೆ: ನನಗೆ 61 ವರ್ಷ. ಕುಂದಾಪುರ ಕಡೆಯವನು, ಘಾಟ್ಕೋಪರ್‌ನಲ್ಲಿ ಸಣ್ಣ ಹೋಟೆಲು ಇದೆ. ಗಲ್ಲಾದಲ್ಲಿ ಕುಳಿತರೆ ಬಿಲ್ಲಿನ ಅಕ್ಷರ ಮಸುಕಾಗಿ ಕಾಣುತ್ತದೆ, ರಾತ್ರಿ ಎದುರಿನ ವಾಹನದ ಬೆಳಕು ಕಣ್ಣಿಗೆ ರಾಚುತ್ತದೆ ಎಂದು ತೋರಿಸಲು ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಜೊತೆಗೆ ಗ್ಲಾಕೋಮಾ ಕೂಡ ಇದೆ ಎಂದರು. ಒತ್ತಡ ಬಲಗಣ್ಣಿಗೆ 26, ಎಡಗಣ್ಣಿಗೆ 24. ‘ಓಪನ್ ಆ್ಯಂಗಲ್’ ಎಂದು ಬರೆದಿದ್ದಾರೆ. ದಿನಾ ರಾತ್ರಿ ಒಂದು ಹನಿ ಔಷಧ, ಜೀವನಪೂರ್ತಿಯಂತೆ. ಪೊರೆಯ ಆಪರೇಷನ್ ಮಾಡಿಸಿದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ ಎನ್ನುತ್ತಾರೆ ಪಕ್ಕದ ಅಂಗಡಿಯವರು. ಪೊರೆ ಹಣ್ಣಾಗಲಿ, ಅವಸರ ಬೇಡ ಎನ್ನುತ್ತಾಳೆ ಊರಿನಲ್ಲಿರುವ ಅಕ್ಕ. ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತುವ ಪರೀಕ್ಷೆಯಲ್ಲಿ ಅರ್ಧದಷ್ಟು ಹೊತ್ತು ನನಗೆ ಏನೂ ಕಾಣಲಿಲ್ಲ. ಕಣ್ಣು ಹೋಗುತ್ತಿದೆಯೇ? ನನಗೆ ಉಬ್ಬಸವೂ ಇದೆ. ಹೆಸರು ಹಾಕಬೇಡಿ.

ಉತ್ತರ: ಹೆಸರು ಹಾಕಿಲ್ಲ. ಪಕ್ಕದ ಅಂಗಡಿಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಡೊಂಬಿವಲಿಯ ನನ್ನ ಚಿಕಿತ್ಸಾಲಯದಲ್ಲಿ ಇದೇ ಮಾತನ್ನು ಕನ್ನಡ, ಮರಾಠಿ, ಗುಜರಾತಿ ಮೂರರಲ್ಲೂ ಕೇಳುತ್ತಿರುತ್ತೇನೆ. ಇಲ್ಲ, ಹೋಗುವುದಿಲ್ಲ.

ನಿಮಗೆ ಬಂದಿರುವುದು ಎರಡು ಬೇರೆ ಬೇರೆ ಕಾಯಿಲೆ. ಪೊರೆ ಎಂದರೆ ಕಣ್ಣಿನೊಳಗಿನ ಮಸೂರ ವಯಸ್ಸಿನೊಂದಿಗೆ ತನ್ನ ತಿಳಿತನವನ್ನು ಕಳೆದುಕೊಳ್ಳುವುದು. ಅದನ್ನು ತೆಗೆದು ಕೃತಕ ಮಸೂರ ಕೂರಿಸಿದರೆ, ಕಣ್ಣಿನ ಉಳಿದ ಭಾಗ ಚೆನ್ನಾಗಿದ್ದರೆ, ದೃಷ್ಟಿ ಮರಳುತ್ತದೆ. ಗ್ಲಾಕೋಮಾ ಹಾಳು ಮಾಡುವುದು ಕಣ್ಣಿನಿಂದ ಮೆದುಳಿಗೆ ಹೋಗುವ ನರವನ್ನು. ಅದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿವೆ. ಸತ್ತ ಎಳೆ ಮತ್ತೆ ಹುಟ್ಟುವುದಿಲ್ಲ. ಕಣ್ಣಿನೊಳಗೆ ಸದಾ ಒಂದು ತಿಳಿನೀರು ಒಸರುತ್ತದೆ, ಅಂಚಿನ ಜಾಲರಿಯ ಮೂಲಕ ಹೊರಹೋಗುತ್ತದೆ. ನಿಮ್ಮ ಹೋಟೆಲಿನ ಪಾತ್ರೆ ತೊಳೆಯುವ ಮೋರಿಯಲ್ಲಿ ನಲ್ಲಿ ತೆರೆದೇ ಇದ್ದು ಜಾಲರಿ ಅರ್ಧ ಕಟ್ಟಿಕೊಂಡರೆ ಆಗುವುದೇ ಇಲ್ಲೂ ಆಗುತ್ತದೆ: ಒತ್ತಡ ಏರುತ್ತದೆ, ನರ ಸವೆಯುತ್ತದೆ. ಪೊರೆ ತೆಗೆದಾಗ ಒತ್ತಡ ಸ್ವಲ್ಪ ಇಳಿಯುವುದುಂಟು. ಆ ಜಾಲರಿ ಇರುವ ಕೋನವೇ ಮುಚ್ಚಿಕೊಳ್ಳುವ ಬಗೆಯ ಗ್ಲಾಕೋಮಾದಲ್ಲಿ ಅದು ದೊಡ್ಡ ಲಾಭವೇ. ನಿಮ್ಮದು ತೆರೆದ ಕೋನದ ಬಗೆ. ಆ ಇಳಿಕೆಯನ್ನೇ ನೆಚ್ಚಿಕೊಂಡು ಕೂರುವಂತಿಲ್ಲ.

ನನಗೆ ಹೆದರಿಕೆ ಇರುವುದು ಆಪರೇಷನ್ ಚೆನ್ನಾಗಿ ಆದ ಮೇಲಿನ ದಿನಗಳ ಬಗ್ಗೆ. ಪೊರೆ ತೆಗೆದ ವಾರದಲ್ಲಿ ಬಿಲ್ಲಿನ ಅಕ್ಷರ, ಗೋಡೆಯ ಬಣ್ಣ ಎಲ್ಲವೂ ಫಳಫಳಿಸುತ್ತವೆ. ಇಷ್ಟು ಚೆನ್ನಾಗಿ ಕಾಣುವಾಗ ಉರಿಯುವ ಹನಿ ಏಕೆ ಎಂದು ಬಿಟ್ಟುಬಿಡುತ್ತಾರೆ. ನಮ್ಮ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಹಾಗೆಯೇ ಮಾಡಿದರು. ಕೆಲವು ವರ್ಷಗಳ ನಂತರ ಬಂದಾಗ ಗೋಡೆಯ ಮೇಲಿನ ಸಣ್ಣ ಅಕ್ಷರಗಳನ್ನು ತಡವರಿಸದೆ ಓದಿದರು. ಎದ್ದು ಹೊರಡುವಾಗ ಪಕ್ಕದಲ್ಲಿದ್ದ ಸ್ಟೂಲಿಗೆ ಎಡವಿದರು. ಈ ಕಾಯಿಲೆ ನಟ್ಟ ನಡುವಿನ ನೋಟವನ್ನು ಕೊನೆಯವರೆಗೆ ಉಳಿಸಿ ಸುತ್ತಲಿನದನ್ನು ಕಬಳಿಸುತ್ತದೆ, ಅದೂ ನೋವಿಲ್ಲದೆ. ಇಂದು ನಿಮ್ಮನ್ನು ಕಾಡುತ್ತಿರುವುದೆಲ್ಲ ಪೊರೆಯ ಕಾಟ. ಆ ಪುಣ್ಯಕ್ಕೆ ಒತ್ತಡವೂ ಪತ್ತೆಯಾಯಿತು.

ಅಕ್ಕನವರ ಸಲಹೆ ಒಂದು ಕಾಲಕ್ಕೆ ಸರಿಯಾಗಿತ್ತು. ನಾನು ಧಾರವಾಡದವಳು, ಬೀಳಗಿಯ ಡಾ. ಎಂ. ಸಿ. ಮೋದಿಯವರ ಸಾಮೂಹಿಕ ನೇತ್ರ ಶಿಬಿರಗಳ ಮಾತು ಕೇಳುತ್ತಲೇ ಬೆಳೆದವಳು. ಅಂದಿನ ವಿಧಾನದಲ್ಲಿ ಇಡೀ ಮಸೂರವನ್ನೇ ಹೊರತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು, ಅದಕ್ಕೆ ಪೊರೆ ಬಲಿತಿರಬೇಕಿತ್ತು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಮಸೂರವನ್ನು ಶ್ರವಣಾತೀತ ಕಂಪನದಿಂದ ಪುಡಿಮಾಡಿ ಹೀರಿ ತೆಗೆಯುವ ವಿಧಾನವನ್ನು ತಂದರು. ಈಗ ಮೂರು ಮಿಲಿಮೀಟರಿಗಿಂತ ಸಣ್ಣ ಗಾಯ ಸಾಕು, ಮತ್ತು ಹಣ್ಣಾದಷ್ಟೂ ಮಸೂರ ಗಟ್ಟಿಯಾಗಿ ಕೆಲಸ ಕಷ್ಟವಾಗುತ್ತದೆ. ಅತಿಯಾಗಿ ಬಲಿತ ಪೊರೆ ಊದಿಕೊಂಡು ಅಥವಾ ಸೋರಿ ತಾನೇ ಒತ್ತಡ ಏರಿಸುವುದೂ ಇದೆ. ಬಿಲ್ಲು ಓದಲು ಕಷ್ಟವಾಗುತ್ತಿದೆಯಲ್ಲ, ಅಷ್ಟೇ ಸಾಕು ಕಾರಣ. ಒತ್ತಡ ಹತೋಟಿಗೆ ಬಂದ ಮೇಲೆ ವೈದ್ಯರೊಂದಿಗೆ ದಿನ ಗೊತ್ತು ಮಾಡಿಕೊಳ್ಳಿ. ಕನ್ನಡಕವೇ ಬೇಡದ ದುಬಾರಿ ‘ಮಲ್ಟಿಫೋಕಲ್’ ಮಸೂರದ ಪ್ಯಾಕೇಜನ್ನು ಮುಂದಿಟ್ಟರೆ ನರ ಎಷ್ಟು ಸವೆದಿದೆ ಎಂದು ಮೊದಲು ಕೇಳಿ. ಗ್ಲಾಕೋಮಾದಲ್ಲಿ ಮೊದಲೇ ಮಬ್ಬು-ಬೆಳಕಿನ ವ್ಯತ್ಯಾಸ ಗುರುತಿಸುವ ಶಕ್ತಿ ಕುಂದಿರುತ್ತದೆ, ಆ ಮಸೂರ ಅದನ್ನು ಇನ್ನಷ್ಟು ಕುಂದಿಸಬಲ್ಲದು. ಸಾದಾ ಮಸೂರ, ಓದಲು ಒಂದು ಕನ್ನಡಕ: ನನ್ನ ಸ್ವಂತ ಅಣ್ಣನಿಗೂ ಇದನ್ನೇ ಹೇಳುತ್ತಿದ್ದೆ. ಪ್ಯಾಕೇಜು ಮಾರುವ ನನ್ನ ಸಹೋದ್ಯೋಗಿಗಳಿಗೆ ಈ ಮಾತು ರುಚಿಸದಿರಬಹುದು.

ಇನ್ನು ಆ ಗುಂಡಿ ಒತ್ತುವ ಪರೀಕ್ಷೆ. ಒಂದು ಕಣ್ಣು ಮುಚ್ಚಿ, ಗಲ್ಲವನ್ನು ಆಸರೆಯ ಮೇಲಿಟ್ಟು, ಬಿಳಿ ಬೋಗುಣಿಯೊಳಗೆ ನಡುವಿನ ಬಿಂದುವನ್ನೇ ದಿಟ್ಟಿಸಿ ಕೂರಿಸಿರುತ್ತಾರೆ. ಚುಕ್ಕಿ ಕಂಡರೆ ಯಂತ್ರ ಮುಂದಿನದನ್ನು ಇನ್ನೂ ಮಂಕಾಗಿಸುತ್ತದೆ. ಕಾಣದಿದ್ದರೆ ಸ್ವಲ್ಪ ಪ್ರಖರಗೊಳಿಸುತ್ತದೆ. ಅದು ಹುಡುಕುವುದೇ ಕಾಣುವ-ಕಾಣದ ಗಡಿಯನ್ನು. ಆದ್ದರಿಂದ ಒಳ್ಳೆಯ ಕಣ್ಣಿನವರಿಗೂ ಸುಮಾರು ಅರ್ಧದಷ್ಟು ಚುಕ್ಕಿಗಳು ಕಾಣುವುದಿಲ್ಲ. ಇದನ್ನು ಪರೀಕ್ಷೆಗೆ ಮೊದಲೇ ಯಾರಾದರೂ ಹೇಳಬಾರದೇ ಎಂದು ನನಗೂ ಅನಿಸುತ್ತದೆ. ಮೊದಲ ಸಲದ ಫಲಿತಾಂಶವನ್ನು ನಾವು ಪೂರ್ತಿ ನಂಬುವುದಿಲ್ಲ, ಮತ್ತೆ ಮಾಡಿಸುತ್ತೇವೆ. ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ ತೂಕಡಿಸುತ್ತ ಹೋಗಬೇಡಿ, ಬೆಳಗ್ಗೆ ಹೋಗಿ. ಹಳೆಯ ವರದಿಗಳನ್ನು ಎಸೆಯಬೇಡಿ. ನರ ಸವೆಯುತ್ತಿದೆಯೇ, ನಿಂತಿದೆಯೇ ಎಂಬುದು ಹೋಲಿಸಿದಾಗಲೇ ತಿಳಿಯುವುದು.

ಒತ್ತಡದ ಸಂಖ್ಯೆಯನ್ನೇ ಹಿಡಿದು ಕೂರಬೇಡಿ. 10ರಿಂದ 21 ಮಿಲಿಮೀಟರ್ ಎಂಬುದು ವಾಡಿಕೆಯ ಮಿತಿ, ಆದರೆ 16ರಲ್ಲೂ ಕೆಲವರ ನರ ಸವೆಯುತ್ತದೆ. ನಿಮ್ಮ ಕಣ್ಣಿಗೆ ಎಷ್ಟಕ್ಕೆ ಇಳಿಯಬೇಕು ಎಂಬ ಗುರಿಯನ್ನು ವೈದ್ಯರಿಂದ ಕೇಳಿ ಫೈಲಿನಲ್ಲಿ ಬರೆಸಿಕೊಳ್ಳಿ.

ಉಬ್ಬಸದ ವಿಷಯವನ್ನು ಅವರಿಗೆ ಹೇಳಿದ್ದೀರಾ? ಪತ್ರದಲ್ಲಿ ಅದು ಕೊನೆಗೆ ಬಂದಿದೆ, ನನ್ನ ಮಟ್ಟಿಗೆ ಮೊದಲು ಬರಬೇಕಿತ್ತು. ಟಿಮೋಲಾಲ್ ಎಂಬ ಹನಿ ಮೂಗಿನ ದಾರಿಯಿಂದ ರಕ್ತ ಸೇರಿ ಉಬ್ಬಸದವರಿಗೆ ಉಸಿರು ಕಟ್ಟಿಸಬಲ್ಲದು. ರಾತ್ರಿ ಒಮ್ಮೆ ಹಾಕುವುದು ಹೆಚ್ಚಾಗಿ ಲಟಾನೊಪ್ರಾಸ್ಟ್ ಗುಂಪಿನದು. ಅದು ಕಣ್ಣು ಕೆಂಪಾಗಿಸಬಹುದು, ರೆಪ್ಪೆಕೂದಲು ಉದ್ದವಾಗಬಹುದು, ಉಸಿರಾಟಕ್ಕೆ ಸಾಮಾನ್ಯವಾಗಿ ತೊಂದರೆ ಮಾಡದು. ಆದರೂ ಬಾಟಲಿಯ ಮೇಲಿನ ಹೆಸರನ್ನು ತೋರಿಸಿ ಖಚಿತಪಡಿಸಿಕೊಳ್ಳಿ. ದಮ್ಮಿಗೆಂದು ಯಾರೋ ಕೊಡುವ ಹೆಸರಿಲ್ಲದ ಗುಳಿಗೆಯಂತೂ ಬೇಡವೇ ಬೇಡ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು, ಅದು ಪೊರೆಯನ್ನೂ ತರುತ್ತದೆ, ಒತ್ತಡವನ್ನೂ ಏರಿಸುತ್ತದೆ. ಹನಿ ಹಾಕುವಾಗ ಕೆಳರೆಪ್ಪೆಯನ್ನು ಎಳೆದು ಒಂದೇ ಹನಿ ಬಿಟ್ಟು, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ಹೋಟೆಲಿನ ಶಟರ್ ಎಳೆಯುವ ಹೊತ್ತಿಗೆ ಹಾಕುವ ರೂಢಿ ಮಾಡಿಕೊಂಡರೆ ಮರೆಯುವುದಿಲ್ಲ. ಹನಿ ನಿಜವಾಗಿಯೂ ಒಗ್ಗದಿದ್ದರೆ ಜಾಲರಿಗೆ ಕೊಡುವ ಲೇಸರ್ ಇದೆ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಮೊದಲಿಗೇ ಲೇಸರ್ ಪಡೆದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಮೂರು ವರ್ಷದ ಕೊನೆಗೂ ಹನಿ ಇಲ್ಲದೆ ಇದ್ದರು. ನಿಮಗೆ ಹೊಂದುತ್ತದೆಯೇ ಎಂದು ಕೇಳಿ ನೋಡಿ.

ನೀವು ಕೇಳದ ಒಂದು ವಿಷಯವೂ ಇದೆ. ಒಡಹುಟ್ಟಿದವರಿಗೆ ಈ ಕಾಯಿಲೆಯ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಅಕ್ಕನವರು ಪೊರೆ ಹಣ್ಣಾಗಲು ಕಾಯುವವರಾದ್ದರಿಂದ ನೀವೇ ಒತ್ತಾಯಿಸಿ ಮಣಿಪಾಲಕ್ಕೋ ಕುಂದಾಪುರದ ಕಣ್ಣಿನ ವೈದ್ಯರಲ್ಲಿಗೋ ಕಳಿಸಿ. ಒತ್ತಡ ಅಳೆದರಷ್ಟೇ ಸಾಲದು, ನರವನ್ನೂ ನೋಡಬೇಕೆಂದು ಹೇಳಲಿ. ಅದಕ್ಕೆ ಪಾಪೆ ಅಗಲಿಸುವ ಹನಿ ಹಾಕುವುದರಿಂದ ಕೆಲವು ಗಂಟೆ ಎಲ್ಲವೂ ಮಸುಕಾಗಿರುತ್ತದೆ; ಬಸ್ಸು ಹತ್ತಿಸಿ ಮನೆಗೆ ಕರೆತರಲು ಜೊತೆಗೆ ಒಬ್ಬರಿರಲಿ.